ಊರ ವಿಜ್ಞಾನ–ಕಲಾ ಹಬ್ಬ: ಓದುಗರ ಪ್ರಶ್ನೆ, ತಂಡದ ಉತ್ತರ

ಬಡಾವಣೆಯ ಪಾರ್ಕಿನಲ್ಲೋ ಶಾಲೆಯ ಮೈದಾನದಲ್ಲೋ ವಿಜ್ಞಾನವನ್ನೂ ಕಲೆಯನ್ನೂ ಒಟ್ಟಿಗೆ ಜನರ ಮುಂದಿಡುವ ಹಬ್ಬ ನಡೆಸಲು ಹೊರಟವರಿಂದ ಈ ಸಲ ಹಲವು ಪ್ರಶ್ನೆಗಳು ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಕ್ತ ದಿನ, 2024ರ ಜನವರಿಯಲ್ಲಿ ಸ್ವಂತ ಕಟ್ಟಡದಲ್ಲಿ ಬಾಗಿಲು ತೆರೆದ ಸೈನ್ಸ್ ಗ್ಯಾಲರಿ ಬೆಂಗಳೂರು, ಜನವರಿಯ ಚಿತ್ರಸಂತೆ ಇವನ್ನೆಲ್ಲ ನೋಡಿ ಬಂದು ‘ನಮ್ಮೂರಲ್ಲೂ ಹೀಗೊಂದು ಮಾಡಬೇಕು’ ಎಂದು ಬರೆದವರೇ ಹೆಚ್ಚು. ಕೈಕೆಲಸದ ಪ್ರಶ್ನೆಗಳಿಗೆ ವಿವರವಾಗಿ, ಉಳಿದವಕ್ಕೆ ಚಿಕ್ಕದಾಗಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ನಿವಾಸಿಗಳ ಸಂಘ ಫೆಬ್ರುವರಿ ಕೊನೆಯ ಭಾನುವಾರ ಪಾರ್ಕಿನಲ್ಲಿ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಹಬ್ಬ ನಡೆಸಲಿದೆ. ಒಂದೂವರೆ ಸಾವಿರ ಜನ ಬರಬಹುದೆಂಬ ಅಂದಾಜಿದೆ. ಎಷ್ಟು ಮಳಿಗೆ ಹಾಕಬೇಕು? ಇರುವ ದುಡ್ಡನ್ನು ಮೊದಲು ಯಾವುದಕ್ಕೆ ತೊಡಗಿಸಬೇಕು?
— ಜಯನಗರ, ಬೆಂಗಳೂರು

ಒಂದೂವರೆ ಸಾವಿರವನ್ನು ಎಂಟು ಗಂಟೆಗೆ ಸಮನಾಗಿ ಹಂಚಿ ಲೆಕ್ಕ ಹಾಕಬೇಡಿ. ಜನ ಹಾಗೆ ಬರುವುದಿಲ್ಲ. ಬೆಳಿಗ್ಗೆ 11ರಿಂದ 1 ಮತ್ತು ಸಂಜೆ 4ರ ನಂತರ ನುಗ್ಗುತ್ತಾರೆ, ಮಧ್ಯಾಹ್ನ ಬಿಸಿಲಿಗೆ ಖಾಲಿಯಾಗುತ್ತದೆ. ಜನ ಹೆಚ್ಚಿರುವ ಹೊತ್ತಿಗೆ ಗಂಟೆಗೆ 300 ಜನ ಬರುತ್ತಾರೆ, ಒಬ್ಬೊಬ್ಬರೂ ಒಂದು ಗಂಟೆ ಇರುತ್ತಾರೆ ಎಂದುಕೊಂಡರೆ ಯಾವುದೇ ಕ್ಷಣದಲ್ಲಿ ಪಾರ್ಕಿನಲ್ಲಿ 300 ಜನ ಇರುತ್ತಾರೆ. ಅವರಲ್ಲಿ ಅರ್ಧದಷ್ಟು ಮಂದಿ ನಡೆಯುತ್ತ, ಮಾತಾಡುತ್ತ, ಮಜ್ಜಿಗೆ ಕುಡಿಯುತ್ತ ಇರುತ್ತಾರೆ. ಉಳಿದ 150 ಜನಕ್ಕೆ ಕೈಗೆ ಕೆಲಸ ಬೇಕು. ಒಂದು ಮಳಿಗೆಯ ಸುತ್ತ ಆರಾಮವಾಗಿ ನಿಲ್ಲಬಹುದಾದವರು 12 ಮಂದಿ. ಅಂದರೆ 12ರಿಂದ 13 ಮಳಿಗೆ.

ಆದರೆ ಹನ್ನೆರಡು ಬಗೆಯ ಪ್ರಯೋಗ ಬೇಡ. ಆರು ಬಗೆ ಆರಿಸಿ, ಒಂದೊಂದನ್ನೂ ಎರಡೆರಡು ಕಟ್ಟಿ. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತಿರುತ್ತದೆ, ಬಿಡಿಭಾಗಗಳು ಒಂದೇ ಅಳತೆಯವಾಗಿರುತ್ತವೆ, ವಿವರಿಸುವವರಿಗೆ ತರಬೇತಿಯೂ ಸುಲಭ. ಮಧ್ಯಾಹ್ನದ ಹೊತ್ತಿಗೆ ಅರ್ಧ ಮಳಿಗೆಗಳ ಮೇಲೆ ‘ಕೆಟ್ಟಿದೆ’ ಎಂಬ ಚೀಟಿ ತೂಗುವ ಹಬ್ಬಗಳು ಹಾಗಾಗುವುದು ಬಗೆ ಹೆಚ್ಚಾಗಿ, ಬಿಡಿಭಾಗ ಕಡಿಮೆಯಾಗಿ.

ದುಡ್ಡಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ. ವೇದಿಕೆ, ಹಾರ, ಶಾಲು, ದೊಡ್ಡ ಫ್ಲೆಕ್ಸ್ ಇವುಗಳಿಂದ ಕಡಿತ ಮಾಡಿ ವಿವರಿಸುವವರ ಮೇಲೆ ಹಾಕಿ. ಸ್ಯಾನ್‌ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯ 1969ರಲ್ಲಿ ಆರಂಭವಾದಾಗಿನಿಂದ ಅದರ ಬೆನ್ನೆಲುಬು ಹೈಸ್ಕೂಲು, ಕಾಲೇಜಿನ ವಯಸ್ಸಿನ ವಿವರಿಸುವ ಹುಡುಗ ಹುಡುಗಿಯರೇ. ಮಳಿಗೆಗೆ ಇಬ್ಬರು, ಎರಡು ಪಾಳಿ ಎಂದರೆ 12 ಮಳಿಗೆಗೆ 48 ಜನ ಬೇಕು. ಬದಲಿಗೆಂದು ಇನ್ನೂ ಆರು ಮಂದಿ ಇರಲಿ. ಎರಡು ಗಂಟೆಗೊಮ್ಮೆ ಕಡ್ಡಾಯ ವಿರಾಮ ಕೊಡಿ. ಮೂರನೇ ಗಂಟೆಯ ಹೊತ್ತಿಗೆ ಯಾರೇ ಆದರೂ ಬಾಯಿಪಾಠ ಒಪ್ಪಿಸಲು ಶುರುಮಾಡುತ್ತಾರೆ. ಹಬ್ಬದ ಹಿಂದಿನ ಶನಿವಾರ ಅರ್ಧ ದಿನ ತರಬೇತಿ ಇಡಿ. ಅದರಲ್ಲಿ ಕಲಿಸಬೇಕಾದ ಮುಖ್ಯ ಅಭ್ಯಾಸವೊಂದೇ: ಬಂದವರಿಗೆ ಮೊದಲು ಉಪಕರಣ ಕೊಡುವುದು, ಆಮೇಲೆ ‘ಏನಾಯಿತು?’ ಎಂದು ಕೇಳುವುದು, ವಿವರಣೆ ಅದರ ನಂತರ.

ಪಾರ್ಕಿಗೆ ಪಾಲಿಕೆಯ ಒಪ್ಪಿಗೆ, ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಬೇಕು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂಬುದನ್ನು ಜಾಗ ಆರಿಸುವಾಗಲೇ ನೋಡಿಕೊಳ್ಳಿ. ವಿದ್ಯುತ್ತಿನ ಬೇಡಿಕೆ ನೀವು ಹೆದರುವಷ್ಟಿಲ್ಲ. ಎಲ್ಇಡಿ ದೀಪ, ಸಣ್ಣ ಆಂಪ್ಲಿಫೈಯರ್ ಸೇರಿ 12 ಮಳಿಗೆಗೆ ಒಂದರಿಂದ ಒಂದೂವರೆ ಕಿಲೋವ್ಯಾಟ್ ಸಾಕು. ಆದರೆ ಹುಲ್ಲು ತೇವವಿರುತ್ತದೆ, ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ. ಹಾಗಾಗಿ ಮುಖ್ಯ ತಂತಿಯಲ್ಲಿ ಸೋರಿಕೆಯಾದ ಕೂಡಲೇ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಒಂದು ಪ್ಲಗ್ಗನ್ನೂ ಹಾಕಿಸಬೇಡಿ. ಜನರೇಟರ್ ತಂದರೆ ಶಬ್ದದ ಮಳಿಗೆಗಳಿಂದ ಕನಿಷ್ಠ 30 ಮೀಟರ್ ದೂರ, ಗಾಳಿ ಬೀಸುವ ದಿಕ್ಕಿನ ಕೊನೆಯಲ್ಲಿ ನಿಲ್ಲಿಸಿ.

ಪ್ರಶ್ನೆ: ನಾನು ಚಿತ್ರಕಲಾ ಶಿಕ್ಷಕಿ. ನಮ್ಮ ಶಾಲೆಯವರು ‘ಗ್ರಹಗಳ ಚಿತ್ರ ಬಿಡಿಸುವ ಸ್ಪರ್ಧೆ ಇಟ್ಟರೆ ಕಲೆ ವಿಜ್ಞಾನ ಎರಡೂ ಆಯಿತಲ್ಲ’ ಎನ್ನುತ್ತಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ.
— ಮೈಸೂರು

ನೀವು ಒಪ್ಪದಿರುವುದು ಸರಿ. ಶನಿಗ್ರಹದ ಸುತ್ತ ಬಣ್ಣದ ಉಂಗುರ ಬಳಿಯುವ ಮಗುವಿಗೆ ಆ ಉಂಗುರದ ಬಗ್ಗೆ ಹೊಸದಾಗಿ ಒಂದು ಪ್ರಶ್ನೆಯೂ ಹುಟ್ಟುವುದಿಲ್ಲ. ಯಾವ ಕೃತಿಯನ್ನಾದರೂ ಹೀಗೆ ಪರೀಕ್ಷಿಸಿ: ಅದರೊಳಗಿನ ವಿಜ್ಞಾನ ತೆಗೆದರೆ ಕೃತಿ ಬೀಳಬೇಕು, ಕಲೆ ತೆಗೆದರೆ ಪ್ರಯೋಗ ಸಪ್ಪೆಯಾಗಬೇಕು. ಎಲೆಯೊಂದನ್ನು ಬಿಸಿಲಿನಲ್ಲೇ ಅಚ್ಚೊತ್ತುವುದು, ಲೋಲಕದಿಂದ ರಂಗೋಲಿ ಬಿಡಿಸುವುದು, ಬಣ್ಣದ ನೆರಳಲ್ಲಿ ಕುಣಿಯುವುದು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಇನ್ನೊಂದು ಮಾತು. ಕಲಾವಿದರನ್ನು ಹಬ್ಬಕ್ಕೆ ಎರಡು ವಾರವಿರುವಾಗ ‘ಸ್ವಲ್ಪ ಅಂದಗಾಣಿಸಿ ಕೊಡಿ’ ಎಂದು ಕರೆಯುವ ರೂಢಿ ಇದೆ. ಮೂರು ತಿಂಗಳ ಮೊದಲೇ, ಸಂಭಾವನೆ ಗೊತ್ತುಪಡಿಸಿ ಕರೆಯಬೇಕು. ಪ್ರಯೋಗ ಯಾವುದೆಂದು ಆರಿಸುವ ಮಾತುಕತೆಯಲ್ಲೇ ಅವರು ಕೂತಿರಬೇಕು.

ಪ್ರಶ್ನೆ: ಲೋಲಕದಿಂದ ರಂಗೋಲಿ ಬಿಡಿಸುವ ಪ್ರಯೋಗ ಮಾಡಿದೆವು. ಪುಡಿ ಅರ್ಧಕ್ಕೇ ನಿಲ್ಲುತ್ತದೆ, ಗೆರೆ ದಪ್ಪಗೆ ಹರಡುತ್ತದೆ, ಆಕೃತಿ ಬರೀ ಉದ್ದನೆಯ ಮೊಟ್ಟೆಯಂತೆಯೇ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?
— ಧಾರವಾಡ

ಕೊನೆಯದರಿಂದ ಶುರುಮಾಡೋಣ. ಒಂದೇ ದಾರದಲ್ಲಿ ತೂಗಿದ ಲೋಲಕ ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ತೂಗುತ್ತದೆ. ಅದು ಅಂಡಾಕಾರವನ್ನಲ್ಲದೆ ಬೇರೆ ಬಿಡಿಸಲಾರದು. ಹೆಣೆದುಕೊಂಡ ಬಳ್ಳಿಗಳಂಥ ಆಕೃತಿ ಬೇಕಾದರೆ ಉದ್ದಕ್ಕೊಂದು ವೇಗ, ಅಡ್ಡಕ್ಕೊಂದು ವೇಗ ಬೇಕು. ಇದಕ್ಕೆ ದಾರವನ್ನು ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದಲ್ಲಿ ಕಟ್ಟಬೇಕು. ಮೇಲಿನ ಅಡ್ಡಪಟ್ಟಿಯ ಎರಡು ಬಿಂದುಗಳಿಂದ, ನಡುವೆ ಸುಮಾರು 100 ಸೆಂ.ಮೀ. ಅಂತರವಿಟ್ಟು, ಎರಡು ದಾರ ಇಳಿಸಿ ಒಂದು ಗಂಟಿನಲ್ಲಿ ಸೇರಿಸಿ. ಗಂಟಿನ ಕೆಳಗೆ ಒಂದೇ ದಾರ, ಅದರ ತುದಿಯಲ್ಲಿ ಪುಡಿಯ ಪಾತ್ರೆ. ಅಡ್ಡಪಟ್ಟಿಯ ಉದ್ದಕ್ಕೆ ತೂಗುವಾಗ ಗಂಟಿನ ಕೆಳಗಿನ ಭಾಗ ಮಾತ್ರ ತೂಗುತ್ತದೆ; ಅದಕ್ಕೆ ಅಡ್ಡಲಾಗಿ ತೂಗುವಾಗ ಇಡೀ ಉದ್ದ ತೂಗುತ್ತದೆ.

ಲೋಲಕದ ಆಂದೋಲನದ ಅವಧಿ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುವುದರಿಂದ ಅಳತೆ ಹೀಗೆ ಬರುತ್ತದೆ. ಅಡ್ಡಪಟ್ಟಿಯಿಂದ ಪಾತ್ರೆಯ ಭಾರಕೇಂದ್ರಕ್ಕೆ ನೇರ ಎತ್ತರ 180 ಸೆಂ.ಮೀ. ಇದ್ದರೆ, ಗಂಟಿನಿಂದ ಭಾರಕೇಂದ್ರಕ್ಕೆ 45 ಸೆಂ.ಮೀ. ಇಟ್ಟಾಗ 2:1 ಆಕೃತಿ (ಒಂದು ದಿಕ್ಕಿಗೆ ಎರಡು ಸಲ ತೂಗುವಷ್ಟರಲ್ಲಿ ಇನ್ನೊಂದಕ್ಕೆ ಒಂದು ಸಲ), ಅಂದರೆ ಎಂಟರ ಅಂಕಿ ಅಥವಾ ಬಿಲ್ಲು. 80 ಸೆಂ.ಮೀ. ಇಟ್ಟಾಗ 3:2, ಸುಮಾರು 101 ಸೆಂ.ಮೀ. ಇಟ್ಟಾಗ 4:3. ನೋಡಲು ಅತಿ ಚೆಂದ 3:2. ಗಂಟಿನ ಬದಲು ಎರಡೂ ದಾರಗಳನ್ನು ಪೋಣಿಸಿದ ಬಿಗಿಯಾದ ರಬ್ಬರ್ ವಾಷರ್ ಹಾಕಿದರೆ ಅದನ್ನು ಏರಿಸಿ ಇಳಿಸಿ ಬಂದವರೇ ಅನುಪಾತ ಬದಲಿಸಬಹುದು. ಈ ಸೌಲಭ್ಯ ಬಿಡಬೇಡಿ, ಮಳಿಗೆಯ ಜೀವ ಇರುವುದು ಅದರಲ್ಲೇ. ನೈಲಾನ್ ದಾರ ಬೇಡ, ಹಿಗ್ಗುತ್ತದೆ. ಗಾರೆಯವರು ಗೋಡೆ ನೇರ ನೋಡಲು ಕಟ್ಟುವ ಹುರಿದಾರ ಒಳ್ಳೆಯದು.

ಪುಡಿ ನಿಲ್ಲುವುದಕ್ಕೆ ಕಾರಣ ಪುಡಿಯ ಸಣ್ಣತನ. ಅಂಗಡಿಯ ರಂಗೋಲಿಪುಡಿಯಲ್ಲಿ ತೀರ ನುಣ್ಣನೆಯ ಅಂಶ ಹೆಚ್ಚು. ಅದು ಒಂದಕ್ಕೊಂದು ಅಂಟಿ ರಂಧ್ರದ ಮೇಲೆ ಕಮಾನು ಕಟ್ಟುತ್ತದೆ. ಕೈಬೆರಳಿನಿಂದ ಬಿಡುವಾಗ ಆ ಕಮಾನನ್ನು ಬೆರಳೇ ಮುರಿಯುತ್ತಿರುತ್ತದೆ, ಪಾತ್ರೆಗೆ ಬೆರಳಿಲ್ಲ. ಸಣ್ಣ ಮರಳನ್ನು ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ಮೊದಲು ದೊಡ್ಡ ಕಣ್ಣಿನ ಜರಡಿಯಲ್ಲಿ ಕಲ್ಲು ತೆಗೆದು, ಬಳಿಕ ಮೈದಾ ಜರಡಿಯಲ್ಲಿ ಧೂಳು ಇಳಿಸಿ, ಜರಡಿಯಲ್ಲಿ ಉಳಿದದ್ದನ್ನು ಬಳಸಿ. ಬಣ್ಣ ಬೇಕೆಂದರೆ ಕಿಲೋ ಮರಳಿಗೆ ಒಂದೆರಡು ಚಮಚ ಬಣ್ಣದ ರಂಗೋಲಿಪುಡಿ ಸಾಕು. ರಂಧ್ರ 4 ಮಿ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 2 ಗ್ರಾಂ ಇಳಿಯುತ್ತದೆ, ಒಂದು ಕಿಲೋ ಎಂಟು ನಿಮಿಷ ಬರುತ್ತದೆ. ನೀರಿನ ಹಾಗಲ್ಲದೆ, ಪಾತ್ರೆಯಲ್ಲಿ ಮರಳು ತುಂಬಿದ್ದರೂ ಕಡಿಮೆಯಾದರೂ ಇಳಿಯುವ ವೇಗ ಹೆಚ್ಚುಕಡಿಮೆ ಒಂದೇ. ಅದಕ್ಕೇ ಗೆರೆ ಮೊದಲಿಂದ ಕೊನೆವರೆಗೆ ಒಂದೇ ದಪ್ಪ ಬರುತ್ತದೆ. ಬಂದವರಿಗೆ ಇದನ್ನು ತೋರಿಸಿ, ತುಂಬ ಜನ ನಂಬುವುದಿಲ್ಲ.

ಗೆರೆ ಹರಡುವುದು ಪಾತ್ರೆ ಎತ್ತರದಲ್ಲಿರುವುದರಿಂದ. ರಂಧ್ರ ಹಲಗೆಯಿಂದ 2–3 ಸೆಂ.ಮೀ. ಮಾತ್ರ ಮೇಲಿರಲಿ. ಮರಳು ಖಾಲಿಯಾದಂತೆ ಭಾರಕೇಂದ್ರ ಕೆಳಗಿಳಿದು ಆಕೃತಿ ನಿಧಾನವಾಗಿ ಓರೆಯಾಗುತ್ತದೆ. ಪಾತ್ರೆಯ ಸುತ್ತ ಒಂದು ಕಿಲೋ ತೂಕದ ಕಬ್ಬಿಣದ ಬಳೆ ಅಥವಾ ವಾಷರ್‌ಗಳನ್ನು ಸಮನಾಗಿ ಕಟ್ಟಿದರೆ ಈ ಓರೆ ತೀರ ಕಡಿಮೆಯಾಗುತ್ತದೆ, ಜೊತೆಗೆ ಗಾಳಿಯ ಹೊಡೆತವನ್ನೂ ತಡೆಯುತ್ತದೆ. ಕೆಳಗೆ ಕಪ್ಪು ಬಣ್ಣ ಬಳಿದ 4 ಅಡಿ ಚೌಕದ ಪ್ಲೈವುಡ್, ಅಂಚಿಗೆ ಒಂದಿಂಚಿನ ರೀಪರ್ ಪಟ್ಟಿ. ಪಾತ್ರೆಯನ್ನು 40 ಸೆಂ.ಮೀ.ಗಿಂತ ಹೆಚ್ಚು ಎಳೆಯಬೇಡಿ, ಕರ್ಣದ ದಿಕ್ಕಿಗೆ ಎಳೆದು ತಳ್ಳದೆ ಬಿಡಿ. ನುಣುಪು ನೆಲದ ಮೇಲೆ ಚೆಲ್ಲಿದ ಮರಳು ಜಾರಿಸುತ್ತದೆ. ಪೊರಕೆ ಹಿಡಿದವರೊಬ್ಬರು ಅಲ್ಲೇ ಇರಲಿ.

ಪ್ರಶ್ನೆ: ಬಿಸಿಲಿನಲ್ಲಿ ನೀಲಿ ಅಚ್ಚು ತೆಗೆಯುವ ಸಯನೋಟೈಪ್ ಮಾಡಿಸಿದೆವು. ಕೆಲವು ಹಾಳೆಗಳಲ್ಲಿ ನೀಲಿ ಪೂರ್ತಿ ನೀರಿಗೆ ಹೋಯಿತು, ಕೆಲವು ವಾರದಲ್ಲಿ ಮಸುಕಾದವು. ಮಕ್ಕಳ ಕೈಗೆ ಕೊಡುವುದು ಸುರಕ್ಷಿತವೇ?
— ಶಿವಮೊಗ್ಗ

ಮೊದಲು ಸುರಕ್ಷತೆ. ದ್ರಾವಣ ಕಲಸುವುದು, ಹಾಳೆಗೆ ಬಳಿಯುವುದು ದೊಡ್ಡವರ ಕೆಲಸ. ಕೈಗವಸು ಹಾಕಿ, ಹಿಂದಿನ ರಾತ್ರಿಯೇ ಮುಗಿಸಿ. ಮಕ್ಕಳ ಕೈಗೆ ಹೋಗಬೇಕಾದದ್ದು ಒಣಗಿದ ಹಾಳೆ ಮಾತ್ರ. ತೊಳೆದ ಮೇಲೆ ಎಲ್ಲರೂ ಸಾಬೂನಿನಲ್ಲಿ ಕೈ ತೊಳೆಯಲಿ. ಪೊಟ್ಯಾಸಿಯಂ ಫೆರಿಸಯನೈಡ್ ತಾನಾಗಿ ಹೆಚ್ಚು ವಿಷಕಾರಿಯಲ್ಲದಿದ್ದರೂ ಪ್ರಬಲ ಆಮ್ಲ ಸೇರಿದರೆ ಪ್ರಾಣಾಪಾಯದ ಹೈಡ್ರೋಜನ್ ಸಯನೈಡ್ ಅನಿಲ ಬಿಡಬಲ್ಲದು. ಆದ್ದರಿಂದ ಶೌಚಾಲಯ ತೊಳೆಯುವ ಆಸಿಡ್ ಇಟ್ಟಿರುವ ಜಾಗದಲ್ಲಿ ಈ ಕೆಲಸ ಬೇಡ, ಉಳಿದ ದ್ರಾವಣವನ್ನು ಶೌಚಾಲಯಕ್ಕೆ ಸುರಿಯಲೂ ಬೇಡಿ. ಹಳೆ ಕಾಗದಕ್ಕೆ ಬಳಿದು ಬಿಸಿಲಿಗಿಟ್ಟರೆ ಅದು ನೀರಿನಲ್ಲಿ ಕರಗದ ನೀಲಿಯಾಗುತ್ತದೆ, ಒಣಕಸಕ್ಕೆ ಹಾಕಬಹುದು.

ಅಳತೆ: ಒಂದು ಬಾಟಲಿಯಲ್ಲಿ 100 ಮಿ.ಲೀ. ನೀರಿಗೆ ಹಸಿರು ಬಗೆಯ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ. ಇನ್ನೊಂದರಲ್ಲಿ 100 ಮಿ.ಲೀ.ಗೆ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಬೇರೆ ಬೇರೆಯಾಗಿ ಕತ್ತಲಲ್ಲಿಟ್ಟರೆ ಕೆಲವು ವಾರ ಕೆಡುವುದಿಲ್ಲ. ಮೊದಲಿನದರ ಮೇಲೆ ಬೂಷ್ಟು ಕಟ್ಟಿದರೆ ಸೋಸಿಕೊಳ್ಳಿ. ಬಳಿಯುವ ಹೊತ್ತಿಗೆ ಸಮಪ್ರಮಾಣದಲ್ಲಿ ಬೆರೆಸಿ. ಎ5 ಹಾಳೆಗೆ ಒಂದೂವರೆ ಮಿ.ಲೀ. ಸಾಕು, 200 ಮಿ.ಲೀ. ಮಿಶ್ರಣದಲ್ಲಿ ಸುಮಾರು 120 ಹಾಳೆ. ಹಳದಿ ಬಲ್ಬಿನ ಮಂದ ಬೆಳಕಿನಲ್ಲಿ ಬಳಿದು ಕತ್ತಲಲ್ಲಿ ಒಣಗಿಸಿ.

ನೀಲಿ ಪೂರ್ತಿ ಹೋಗಿರುವುದು ಬಿಸಿಲು ಸಾಲದೆ. ಹಾಳೆ ಹಳದಿ ಮಿಶ್ರಿತ ಹಸಿರಿನಿಂದ ನೀಲಿಗೆ ತಿರುಗಿದ ತಕ್ಷಣ ಎಲ್ಲರೂ ಅವಸರದಲ್ಲಿ ತೆಗೆದುಬಿಡುತ್ತಾರೆ. ಅಲ್ಲಿಂದ ಮುಂದೆ ಹೋಗಿ, ಬಿಸಿಲು ಬಿದ್ದ ಭಾಗ ಕಂಚಿನ ಛಾಯೆಯ ಬೂದು ಬಣ್ಣಕ್ಕೆ ಬರಬೇಕು. ಫೆಬ್ರುವರಿಯ ನಡುಮಧ್ಯಾಹ್ನ 5ರಿಂದ 8 ನಿಮಿಷ, ಮೋಡವಿದ್ದರೆ 20–30 ನಿಮಿಷ, ಸಂಜೆ 4ರ ನಂತರ ಮಳಿಗೆಯನ್ನೇ ಮುಚ್ಚುವುದು ಒಳ್ಳೆಯದು. ಮೇಲೆ ಒತ್ತಲು ಸಾದಾ ಗಾಜು ಹಾಕಿ. ಅತಿನೇರಳೆ ತಡೆಯುವ ಅಕ್ರಿಲಿಕ್ ಹಾಳೆ ಹಾಕಿದರೆ ಅರ್ಧ ಗಂಟೆಯಾದರೂ ಏನೂ ಬರುವುದಿಲ್ಲ. ಎಲೆ, ಹೂವು ಹಿಂದಿನ ದಿನವೇ ಪುಸ್ತಕದೊಳಗೆ ಚಪ್ಪಟೆಯಾಗಿರಲಿ. ಹಸಿ ಎಲೆ ಉಬ್ಬಿದಲ್ಲಿ ಅಂಚು ಮಸುಕಾಗುತ್ತದೆ.

ವಾರದಲ್ಲಿ ಮಸುಕಾದದ್ದು ಕ್ಷಾರದಿಂದ. ಈ ನೀಲಿಗೆ ಕ್ಷಾರವೇ ಶತ್ರು. ಬೋರ್‌ವೆಲ್ಲಿನ ಗಡಸು ನೀರು, ಸೋಪಿನ ಅಂಶವಿರುವ ಟಬ್ಬು, ಸುಣ್ಣದಪುಡಿ ಸೇರಿಸಿ ಮಾಡಿದ ಕಾಗದ ಮೂರೂ ಅದನ್ನು ತಿನ್ನುತ್ತವೆ. ಮೊದಲ ಟಬ್ಬಿನ 5 ಲೀಟರ್ ನೀರಿಗೆ ಎರಡು ಚಮಚ ಅಡುಗೆಯ ವಿನೆಗರ್ ಹಾಕಿ, ನಂತರದ ಎರಡು ಟಬ್ಬುಗಳಲ್ಲಿ ಸಾದಾ ನೀರು. ವಿನೆಗರ್‌ನಷ್ಟು ದುರ್ಬಲ ಆಮ್ಲ ಇಷ್ಟು ನೀರಿನಲ್ಲಿ ಅಪಾಯವಲ್ಲ. ಒಟ್ಟು 5 ನಿಮಿಷ, ಬಿಳಿ ಭಾಗದಲ್ಲಿ ಹಳದಿ ಛಾಯೆ ಹೋಗುವವರೆಗೆ ತೊಳೆಯಿರಿ. ನೀಲಿ ಪೂರ್ತಿ ಗಾಢವಾಗಲು ಒಂದು ದಿನ ಬೇಕು. ಮಕ್ಕಳಿಗೆ ಅಲ್ಲೇ ತೋರಿಸಬೇಕೆಂದರೆ ಲೀಟರ್ ನೀರಿಗೆ 10 ಮಿ.ಲೀ. ಔಷಧಿ ಅಂಗಡಿಯ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅದ್ದಿ, ಕಣ್ಣೆದುರೇ ಗಾಢವಾಗುತ್ತದೆ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಈ ವಿಧಾನವನ್ನು ಮರುವರ್ಷವೇ ಆನಾ ಅಟ್ಕಿನ್ಸ್ ಸಮುದ್ರದ ಪಾಚಿಗಳನ್ನು ದಾಖಲಿಸಲು ಬಳಸಿದರು ಎಂಬುದನ್ನು ಬೋರ್ಡಿನಲ್ಲಿ ಬರೆಯಿರಿ. ಸಸ್ಯಶಾಸ್ತ್ರವೂ ಚಿತ್ರಕಲೆಯೂ ಒಂದೇ ಹಾಳೆಯ ಮೇಲೆ ಇದ್ದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಪ್ರಶ್ನೆ: ಕತ್ತಲೆ ಕೋಣೆಯಲ್ಲಿ ಸಣ್ಣ ರಂಧ್ರದಿಂದ ಹೊರಗಿನ ಬೀದಿ ಗೋಡೆಯ ಮೇಲೆ ಕಾಣುವಂತೆ ಮಾಡಿದೆವು. ಚಿತ್ರ ತುಂಬ ಮಸುಕು, ಜನ ಕಾಯುವುದಿಲ್ಲ.
— ಮಂಗಳೂರು

ರಂಧ್ರದ ಬದಲು ಮಸೂರ ಹಾಕಿ. ಕನ್ನಡಕದ ಅಂಗಡಿಯಲ್ಲಿ ಪ್ಲಸ್ 0.50 ಪವರಿನ, ಚೌಕಟ್ಟಿಗೆ ಕತ್ತರಿಸದ ಗುಂಡು ಗಾಜು ಕೇಳಿ. ಇದರ ಸಂಗಮ ದೂರ 2 ಮೀಟರ್. ಕಿಟಕಿಗೆ ದಪ್ಪ ರಟ್ಟು ಮುಚ್ಚಿ, 30 ಮಿ.ಮೀ. ತೂತಿನ ಹಿಂದೆ ಮಸೂರವನ್ನು ಅಂಟಿಸಿ. 10 ಮಿ.ಮೀ. ಬರಿ ರಂಧ್ರಕ್ಕಿಂತ ಒಂಬತ್ತು ಪಟ್ಟು ಬೆಳಕು ಬರುತ್ತದೆ, ಚಿತ್ರವೂ ಚೊಕ್ಕ. ಗೋಡೆಯ ಮೇಲೆ ಬೀಳಿಸುವ ಬದಲು ಚೌಕಟ್ಟಿಗೆ ಬಿಗಿದ ಟ್ರೇಸಿಂಗ್ ಕಾಗದದ ಪರದೆಯನ್ನು ಹಿಂದೆ ಮುಂದೆ ಜರುಗಿಸುವಂತಿರಲಿ. 50 ಮೀಟರ್ ದೂರದ ಮರ 2.08 ಮೀಟರಿನಲ್ಲಿ, 10 ಮೀಟರ್ ದೂರದಲ್ಲಿ ನಿಂತ ಆಟೋ 2.5 ಮೀಟರಿನಲ್ಲಿ ಸ್ಪಷ್ಟವಾಗುತ್ತದೆ. ಪರದೆ ಜರುಗಿಸಿ ಅದನ್ನು ಹುಡುಕುವುದೇ ನೋಡುವವರ ಕೆಲಸವಾಗಲಿ.

ಕಿಟಕಿ ಆರಿಸುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಎದುರಿನ ಕಟ್ಟಡದ ಮೇಲೆ ಬಿಸಿಲಿರಬೇಕು, ಕಿಟಕಿಯ ಮೇಲಲ್ಲ. ಬೆಳಿಗ್ಗೆ ಪಶ್ಚಿಮಕ್ಕೆ ತೆರೆದ ಕಿಟಕಿ, ಮಧ್ಯಾಹ್ನದ ಮೇಲೆ ಪೂರ್ವದ್ದು. ಬಾಗಿಲಿಗೆ ಒಂದು ಮೀಟರ್ ಅಂತರದಲ್ಲಿ ಎರಡು ಕಪ್ಪು ಪರದೆ ಕಟ್ಟಿದರೆ ಜನ ಬರುವಾಗಲೆಲ್ಲ ಬೆಳಕು ನುಗ್ಗುವುದಿಲ್ಲ. ಮಸೂರವಿದ್ದರೂ ಕಣ್ಣು ಕತ್ತಲಿಗೆ ಹೊಂದಲು ಐದು ನಿಮಿಷ ಬೇಕು. ಆ ಐದು ನಿಮಿಷ ಮಾತಿನಲ್ಲಿ ಕಳೆಯಿರಿ. ಎಂಟು ಜನರ ತಂಡಕ್ಕೆ ಹತ್ತು ನಿಮಿಷ, ಗಂಟೆಗೆ 48 ಜನ ಮಾತ್ರ ಎಂದು ಹೊರಗಿನ ಬೋರ್ಡಿನಲ್ಲೇ ಬರೆದು ಚೀಟಿ ಕೊಡಿ. ಅಂಗಡಿಯ ನಾಮಫಲಕವೊಂದು ಕಾಣುವಂತಿದ್ದರೆ ಇನ್ನೂ ಒಳ್ಳೆಯದು: ಗೋಡೆಯ ಮೇಲೆ ಅದು ತಲೆಕೆಳಗಾಗಿಯೂ ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವಾಗಿಯೂ ಕಾಣುತ್ತದೆ, ಟ್ರೇಸಿಂಗ್ ಪರದೆಯ ಹಿಂದಿನಿಂದ ನೋಡಿದರೆ ತಲೆಕೆಳಗು ಮಾತ್ರ, ಬಗ್ಗಿ ನೋಡಿದರೆ ಓದಲು ಬರುತ್ತದೆ. ಯಾಕೆಂದು ಹತ್ತನೇ ತರಗತಿಯವರು ವಾದ ಮಾಡಲಿ.

ಪ್ರಶ್ನೆ: ಸ್ಪೀಕರಿನ ಮೇಲೆ ತಗಡಿಟ್ಟು ರಂಗೋಲಿಪುಡಿ ಹಾಕಿ ನಾದದ ಚಿತ್ತಾರ ತೋರಿಸಲು ಹೋದೆವು. ಪುಡಿ ಗೆರೆಯಾಗದೆ ಅಲ್ಲಲ್ಲಿ ಗುಪ್ಪೆಯಾಗುತ್ತದೆ.
— ತುಮಕೂರು

ನಿಮ್ಮ ತಗಡು ಸರಿಯಾಗಿಯೇ ಕಂಪಿಸುತ್ತಿದೆ, ಪುಡಿ ಮಾತ್ರ ಬೇರೆ ಕಥೆ ಹೇಳುತ್ತಿದೆ. ಮರಳಿನಂಥ ಭಾರದ ಕಣಗಳು ಕಂಪನವಿಲ್ಲದ ಗೆರೆಗಳಿಗೆ ಜರುಗಿ ನಿಲ್ಲುತ್ತವೆ. ಇದನ್ನು ಜರ್ಮನಿಯ ವಿಜ್ಞಾನಿ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದರು. ತೀರ ನುಣ್ಣನೆಯ ಪುಡಿ ತಗಡಿನ ಮೇಲೆ ಏಳುವ ಸಣ್ಣ ಗಾಳಿಸುಳಿಗಳಿಗೆ ಸಿಕ್ಕಿ, ಅತಿ ಹೆಚ್ಚು ಕಂಪಿಸುವ ಜಾಗಗಳಿಗೇ ಹೋಗಿ ಗುಪ್ಪೆಯಾಗುತ್ತದೆ. ಈ ಕಾರಣ ಬಿಡಿಸಿದವರು ಫ್ಯಾರಡೆ, 1831ರಲ್ಲಿ. ಎರಡನ್ನೂ ಪಕ್ಕಪಕ್ಕದ ತಗಡುಗಳಲ್ಲಿ ತೋರಿಸಿ. ಒಂದಕ್ಕೆ ಜರಡಿ ಹಿಡಿದ ಒಣ ಮರಳು ಅಥವಾ ಸಣ್ಣ ರವೆ, ಇನ್ನೊಂದಕ್ಕೆ ನಿಮ್ಮ ರಂಗೋಲಿಪುಡಿ.

25 ಸೆಂ.ಮೀ. ಚೌಕದ 1 ಮಿ.ಮೀ. ಅಲ್ಯೂಮಿನಿಯಂ ತಗಡು, ನಟ್ಟನಡುವೆ 5 ಮಿ.ಮೀ. ತೂತು. ಆರಿಂಚಿನ ಸ್ಪೀಕರಿನ ನಡುವಿನ ಗುಬುಟಿಗೆ ಬಾಟಲಿ ಮುಚ್ಚಳವನ್ನು ಎಪಾಕ್ಸಿಯಲ್ಲಿ ಅಂಟಿಸಿ, ಅದರಿಂದ ಎದ್ದ ಬೋಲ್ಟಿಗೆ ತಗಡನ್ನು ಬಿಗಿಯಿರಿ. 20–30 ವ್ಯಾಟಿನ ಆಂಪ್ಲಿಫೈಯರ್, ಫೋನಿನಲ್ಲಿ ಸೈನ್ ಅಲೆ ಕೊಡುವ ಆ್ಯಪ್. 150 ಹರ್ಟ್ಸ್‌ನಿಂದ ನಿಧಾನವಾಗಿ ಏರಿಸಿ. ಚಿತ್ತಾರ ಮೂಡುವುದು ಕೆಲವೇ ಹರ್ಟ್ಸ್ ಅಗಲದ ಜಾಗದಲ್ಲಿ, ಬೇಗ ಹೋದರೆ ದಾಟಿಬಿಡುತ್ತೀರಿ. ಸಿಕ್ಕಿದ ಆವೃತ್ತಿಗಳನ್ನು ತಗಡಿನ ಪಕ್ಕದಲ್ಲೇ ಬರೆದಿಡಿ. ಬೇರೆ ತಗಡಿಗೆ ಅವು ಹೊಂದುವುದಿಲ್ಲ: ದಪ್ಪ ಎರಡರಷ್ಟಾದರೆ ಆವೃತ್ತಿಯೂ ಎರಡರಷ್ಟು, ಬದಿ ಎರಡರಷ್ಟಾದರೆ ಆವೃತ್ತಿ ಕಾಲುಭಾಗ. ಸಾವಿರ ಹರ್ಟ್ಸ್‌ಗೆ ಮೇಲೆ ಕಿವಿ ಕೊರೆಯುತ್ತದೆ, ವಿವರಿಸುವವರಿಗೆ ಕಿವಿಮುಚ್ಚಿಗೆ ಕೊಡಿ, ಮಾತಾಡುವಾಗ ಶಬ್ದ ಇಳಿಸಿ.

ಇದರ ಪಕ್ಕದಲ್ಲಿ ಮೃದಂಗ ಕಲಾವಿದರೊಬ್ಬರನ್ನು ಕೂರಿಸದಿದ್ದರೆ ದೊಡ್ಡ ಅವಕಾಶವೊಂದು ತಪ್ಪುತ್ತದೆ. ಸಾದಾ ಚರ್ಮದ ತಮಟೆಯಲ್ಲಿ ಮೇಲಿನ ಸ್ವರಾಂಶಗಳು ಮೂಲಸ್ವರದ 1.59, 2.14, 2.30 ಪಟ್ಟು ಹೀಗೆ ಅಡ್ಡಾದಿಡ್ಡಿ ಬರುತ್ತವೆ, ಅದಕ್ಕೇ ಶ್ರುತಿ ಹಿಡಿಯಲಾಗದು. ಮೃದಂಗದ ನಡುವಿನ ಕಪ್ಪು ಕರಣೆಯ ತೂಕ ಅವನ್ನು 2, 3, 4, 5 ಪಟ್ಟುಗಳ ಹತ್ತಿರಕ್ಕೆ ತರುತ್ತದೆ. ಸಿ.ವಿ. ರಾಮನ್ 1920ರಲ್ಲಿ ಇದನ್ನು ವರದಿ ಮಾಡಿದರು, ಬೆಂಗಳೂರಿಗೆ ಬಂದ ಮೇಲೆ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಮುಚ್ಚಿಗೆಯ ಮೇಲೆ ಮರಳು ಉದುರಿಸಿ ಗೆರೆ ನೋಡಿದವರು ಅವರೇ. ಕಲಾವಿದರ ಒಳ್ಳೆಯ ಮೃದಂಗದ ಮೇಲೆ ಮಾತ್ರ ಮರಳು ಹಾಕಬೇಡಿ. ಹಳೆಯ ಮುಚ್ಚಿಗೆ ಒಂದನ್ನು ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮ ಭಾಗದ ತೊಗಲುಗೊಂಬೆ ತಂಡವನ್ನು ಕರೆಯುತ್ತಿದ್ದೇವೆ. ಜೊತೆಗೆ ನೆರಳಿನ ವಿಜ್ಞಾನ ಹೇಳುವ ಮಳಿಗೆ ಹೇಗೆ ಮಾಡುವುದು? ಟ್ಯೂಬ್‌ಲೈಟಿನಲ್ಲಿ ನೆರಳು ಸರಿಯಾಗಿ ಬೀಳಲಿಲ್ಲ.
— ಬಳ್ಳಾರಿ

ಟ್ಯೂಬ್‌ಲೈಟು ನಾಲ್ಕಡಿ ಉದ್ದದ ಬೆಳಕು, ಅದರಲ್ಲಿ ಚೂಪು ನೆರಳು ಬರಲಾರದು. ನೆರಳಿನ ಅಂಚಿನ ಮಸುಕಿಗೆ ಸರಳ ಲೆಕ್ಕವಿದೆ: ಬೆಳಕಿನ ಅಗಲವನ್ನು ಗೊಂಬೆ ಪರದೆಗಳ ನಡುವಿನ ದೂರದಿಂದ ಗುಣಿಸಿ, ಬೆಳಕು ಗೊಂಬೆಗಳ ನಡುವಿನ ದೂರದಿಂದ ಭಾಗಿಸಿ. ಗೊಂಬೆ ಪರದೆಯಿಂದ 10 ಸೆಂ.ಮೀ., ದೀಪ ಒಂದು ಮೀಟರ್ ಹಿಂದೆ ಇದ್ದರೆ 120 ಸೆಂ.ಮೀ. ಟ್ಯೂಬಿಗೆ 12 ಸೆಂ.ಮೀ. ಮಸುಕು, ಒಂದು ಸೆಂ.ಮೀ. ಅಗಲದ ಒಂಟಿ ಎಲ್ಇಡಿಗೆ ಒಂದೇ ಮಿ.ಮೀ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯುವುದು ಯಾಕೆಂದು ಕಲಾವಿದರಿಗೆ ತಲೆಮಾರುಗಳಿಂದ ಗೊತ್ತು. ಅವರ ಬಾಯಿಂದಲೇ ಹೇಳಿಸಿ. ಆಟಕ್ಕೆ ಯಾವ ದೀಪ ಬೇಕೆಂಬುದನ್ನೂ ಅವರೇ ನಿರ್ಧರಿಸಲಿ.

ಪಕ್ಕದ ಮಳಿಗೆಯಲ್ಲಿ ಕೆಂಪು, ಹಸಿರು, ನೀಲಿ ಒಂಟಿ ಎಲ್ಇಡಿ ದೀಪಗಳನ್ನು 10 ಸೆಂ.ಮೀ. ಅಂತರದಲ್ಲಿ ಒಂದೇ ಸಾಲಿಗೆ ಕಟ್ಟಿ ಎರಡು ಮೀಟರ್ ದೂರದ ಬಿಳಿ ಗೋಡೆಗೆ ಬಿಡಿ. ಮೂರೂ ಸೇರಿ ಗೋಡೆ ಬೆಳ್ಳಗಾಗಬೇಕು. ಸಾಮಾನ್ಯವಾಗಿ ಹಸಿರು ಮೇಲುಗೈಯಾಗುತ್ತದೆ, ಅದರ ಮುಂದೆ ಒಂದೆರಡು ಪದರ ಟ್ರೇಸಿಂಗ್ ಕಾಗದ ಹಿಡಿದು ತಗ್ಗಿಸಿ. ಈಗ ಕೈ ಅಡ್ಡ ಹಿಡಿದರೆ ಮೂರು ನೆರಳು: ಕೆಂಪು ತಡೆದಲ್ಲಿ ಸಯಾನ್ ಎಂಬ ಹಸಿರುನೀಲಿ, ಹಸಿರು ತಡೆದಲ್ಲಿ ಮೆಜೆಂಟಾ ಎಂಬ ಗಾಢ ಗುಲಾಬಿ, ನೀಲಿ ತಡೆದಲ್ಲಿ ಹಳದಿ. ಪ್ರಿಂಟಿಂಗ್ ಪ್ರೆಸ್ಸಿನವರು ಬಳಸುವ ಮಸಿಯ ಬಣ್ಣಗಳೂ ಇವೇ. ಮಕ್ಕಳು ಕುಣಿಯಲು ಶುರುಮಾಡುತ್ತಾರೆ, ಜಾಗ 3 ಮೀಟರ್ ಬಿಡಿ, ದೀಪದ ಪಟ್ಟಿಯನ್ನು ಮೇಜಿಗೆ ಸ್ಕ್ರೂ ಹಾಕಿ ಬಿಗಿಯಿರಿ.

ಪ್ರಶ್ನೆ: ದೂರದರ್ಶಕದಲ್ಲಿ ಸೂರ್ಯನ ಕಲೆಗಳನ್ನು ತೋರಿಸಬಹುದೇ? ಕಣ್ಣಿಡುವ ಕಡೆಗೆ ತಿರುಗಿಸಿ ಹಾಕುವ ಸಣ್ಣ ಕಪ್ಪು ಫಿಲ್ಟರ್ ನಮ್ಮಲ್ಲಿದೆ.
— ಹುಬ್ಬಳ್ಳಿ

ಆ ಸಣ್ಣ ಫಿಲ್ಟರನ್ನು ಬಳಸಲೇಬೇಡಿ. ಸೂರ್ಯನ ಬೆಳಕು ಒಟ್ಟುಗೂಡಿ ಬೀಳುವ ಜಾಗದಲ್ಲೇ ಅದಿರುತ್ತದೆ, ಕಾದು ಸೀಳುತ್ತದೆ, ಸೀಳಿದ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಫಿಲ್ಟರ್ ಯಾವತ್ತೂ ದೂರದರ್ಶಕದ ಮುಂಭಾಗಕ್ಕೆ, ಸೂರ್ಯನ ಕಡೆಗೆ, ಗಾಳಿಗೆ ಬೀಳದಂತೆ ಟೇಪಿನಿಂದ ಬಿಗಿದಿರಬೇಕು. ಸಾರ್ವಜನಿಕರಿಗೆ ಅದಕ್ಕಿಂತ ಒಳ್ಳೆಯದು ಬಿಂಬ ಬೀಳಿಸುವುದು: 50–60 ಮಿ.ಮೀ. ಮಸೂರದ ದೂರದರ್ಶಕದಿಂದ ಹಿಂದಿನ ಬಿಳಿ ಹಾಳೆಗೆ ಬಿಂಬ ಬಿಡಿ, ಹಾಳೆಯ ಸುತ್ತ ರಟ್ಟಿನ ನೆರಳು ಮಾಡಿ. ಕಣ್ಣಿಡುವ ಮಸೂರಕ್ಕೂ ಹಾಳೆಗೂ ನಡುವೆ ಯಾರ ತಲೆಯೂ ಬರದಂತೆ ಬಲೆ ಕಟ್ಟಿ, ಗುರಿ ಹಿಡಿಯಲು ಪಕ್ಕಕ್ಕೆ ಜೋಡಿಸಿರುವ ಸಣ್ಣ ಹುಡುಕುದರ್ಶಕವನ್ನು ಬಿಚ್ಚಿ ಪೆಟ್ಟಿಗೆಯಲ್ಲಿಡಿ, ಒಬ್ಬರು ಒಂದು ಕ್ಷಣವೂ ಬಿಟ್ಟುಹೋಗದೆ ನಿಲ್ಲಲಿ. ಹಾಗೆ ನಿಲ್ಲುವವರಿಲ್ಲದಿದ್ದರೆ ಈ ಮಳಿಗೆ ಬೇಡ.

ಪ್ರಶ್ನೆ: ಪಾರದರ್ಶಕ ಟೇಪಿನಿಂದ ಬಣ್ಣದ ಗಾಜಿನಂಥ ಚಿತ್ರ ಮಾಡುವುದು ನಮ್ಮ ಟೇಪಿನಲ್ಲಿ ಬರಲಿಲ್ಲ. ಯಾವ ಟೇಪು?
— ಉಡುಪಿ

ಪೆಟ್ಟಿಗೆಗೆ ಸುತ್ತುವ ಅಗಲದ ಪಾರದರ್ಶಕ ಪ್ಯಾಕಿಂಗ್ ಟೇಪು ಚೆನ್ನಾಗಿ ಬರುತ್ತದೆ. ಮೇಲೆ ಬರೆಯಬಹುದಾದ ಮಬ್ಬು ಟೇಪು ಬರುವುದಿಲ್ಲ. ತಯಾರಿಕೆಯಲ್ಲಿ ಎಳೆದು ಹಿಗ್ಗಿಸಿದ ಪ್ಲಾಸ್ಟಿಕ್ಕಿಗೆ ಮಾತ್ರ ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು, ತಿರುಚುವ ಗುಣವಿದೆ, ಪದರ ಹೆಚ್ಚಿದಂತೆ ಬಣ್ಣ ಬದಲಾಗುತ್ತದೆ. ಹಳೆಯ ಎಲ್‌ಸಿಡಿ ಮಾನಿಟರಿನಲ್ಲಿ ಬಿಳಿ ಪುಟ ತೆರೆದರೆ ಅದರ ಬೆಳಕು ಆಗಲೇ ಧ್ರುವೀಕೃತ. ಗಾಜಿನ ಮೇಲೆ ಟೇಪಿನ ಚಿತ್ರ ಅಂಟಿಸಿ ಮುಂದಿಟ್ಟು, ಒಂದು ಪೋಲರಾಯ್ಡ್ ಹಾಳೆಯನ್ನು ಕಣ್ಣಿನ ಮುಂದೆ ತಿರುಗಿಸಿ ನೋಡಿ. ಪದರಗಳನ್ನು ಬೇರೆ ಬೇರೆ ಕೋನದಲ್ಲಿ ಅಂಟಿಸಿದರೆ ಬಣ್ಣ ಹೆಚ್ಚು ಸಿಗುತ್ತದೆ.

ಪ್ರಶ್ನೆ: ಮಳಿಗೆಯ ಬೋರ್ಡು ಎಷ್ಟು ದೊಡ್ಡದಿರಬೇಕು? ಕಳೆದ ಸಲ ಫ್ಲೆಕ್ಸಿನಲ್ಲಿ ಒತ್ತಕ್ಷರಗಳೆಲ್ಲ ಒಡೆದು ಬಂದವು.
— ಹಾಸನ

ಒಡೆಯುವುದು ಮುದ್ರಕರ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸದೆ, ಅಥವಾ ಹಳೆಯ ನುಡಿ ಫಾಂಟಿನ ಕಡತ ಅವರ ಕಂಪ್ಯೂಟರಿನಲ್ಲಿ ಬೇರೆ ಫಾಂಟಿಗೆ ಹೋಗಿ. ಅಕ್ಷರಗಳನ್ನು ರೇಖಾಕೃತಿಗೆ ಬದಲಿಸಿದ ಪಿಡಿಎಫ್ ಕೊಡಿ, ಬರಿಯ ಪಠ್ಯ ಕೊಡಬೇಡಿ. ಮುದ್ರಿಸುವ ಮೊದಲು ಅರ್ಕಾವತ್ತು, ಕ್ಷ, ಜ್ಞ, ಒತ್ತಿನ ಕೆಳಗಿನ ರ-ವತ್ತು ಇವನ್ನೇ ಹುಡುಕಿ ನೋಡಿ. ಒಡೆಯುವುದು ಮೊದಲು ಅಲ್ಲೇ.

ಒಂದೂವರೆ ಮೀಟರ್ ದೂರದಿಂದ ಓದಲು ಅಕ್ಷರದ ಎತ್ತರ ಕನಿಷ್ಠ ಒಂದು ಸೆಂ.ಮೀ., ಶೀರ್ಷಿಕೆ 5 ಸೆಂ.ಮೀ. ಒತ್ತಕ್ಷರಗಳಿಗೆ ಜಾಗ ಬೇಕಾದ್ದರಿಂದ ಸಾಲಿನ ಅಂತರ ಒಂದೂವರೆ ಪಟ್ಟು. 2 ಅಡಿಗೆ 3 ಅಡಿ ಬೋರ್ಡಿನಲ್ಲಿ 50 ಪದ ಮೀರಬೇಡಿ. ಮೊದಲ ಸಾಲು ಏನು ಮಾಡಬೇಕೆಂದು ಹೇಳಲಿ: ‘ವಾಷರನ್ನು ಮೇಲೆ ಜರುಗಿಸಿ, ಪಾತ್ರೆಯನ್ನು ಎಳೆದು ಬಿಡಿ.’ ಎರಡನೆಯದು ಒಂದು ಪ್ರಶ್ನೆ. ಪಾರಿಭಾಷಿಕ ಪದ ಕೊನೆಯಲ್ಲಿ. ಚಿಕ್ಕ ಮಕ್ಕಳಿಗೆ ಒಂದು ಮೀಟರ್ ಎತ್ತರದಲ್ಲಿ ಚಿತ್ರ ಮಾತ್ರವಿರುವ ಇನ್ನೊಂದು ಬೋರ್ಡು ಸಾಕು.

ಪ್ರಶ್ನೆ: ನಮ್ಮಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಇರುವ ಮೇ ತಿಂಗಳಲ್ಲಿ ಹಬ್ಬ. ಶೂನ್ಯ ನೆರಳಿನ ದಿನಕ್ಕೆ ಹೊಂದಿಸಬಹುದೇ?
— ಕಲಬುರಗಿ

ಖಂಡಿತ. ಕರ್ನಾಟಕ ಪೂರ್ತಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ನಿಮ್ಮಲ್ಲಿ ಮೇ 9–10 ಮತ್ತು ಆಗಸ್ಟ್ 3–4. ಹೊತ್ತು 12 ಗಂಟೆಯಲ್ಲ. ಮೇ ತಿಂಗಳಲ್ಲಿ ನಿಮಗೆ 12:19ರ ಆಸುಪಾಸು.

ದಿನದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಕೋಲಿನ ನೇರದ ಬಗ್ಗೆ ಕೆಡಿಸಿಕೊಳ್ಳಿ. ಒಂದು ದಿನ ಆಚೀಚೆಯಾದರೆ ಒಂದು ಮೀಟರ್ ಕೋಲಿನ ನೆರಳು ಅರ್ಧ ಸೆಂ.ಮೀ. ಮಾತ್ರ, ಕೋಲು ಒಂದು ಡಿಗ್ರಿ ವಾಲಿದರೆ ಒಂದೂಮುಕ್ಕಾಲು ಸೆಂ.ಮೀ. ತೂಕದ ಗುಂಡು ಬಿಟ್ಟು ನಾಲ್ಕೂ ಕಡೆ ನೋಡಿ, ಮೇಜನ್ನು ರಸಮಟ್ಟದಲ್ಲಿ ಸರಿಮಾಡಿ. ನಿಮಿಷಕ್ಕೆ ನಾಲ್ಕು ಮಿ.ಮೀ. ಮೀರಿ ನೆರಳು ಜರುಗುವುದರಿಂದ 12:10ಕ್ಕೇ ಎಲ್ಲರೂ ಸೇರಿರಬೇಕು. 60 ಸೆಂ.ಮೀ. ಉದ್ದ, 50 ಮಿ.ಮೀ. ಅಗಲದ ಪಿವಿಸಿ ಕೊಳವೆಗಳನ್ನು ಇಪ್ಪತ್ತು ಮೂವತ್ತು ನೆಟ್ಟಗೆ ನಿಲ್ಲಿಸಿ ಬುಡದ ಬಿಳಿ ಹಾಳೆಯಿಂದ ಒಂದೆರಡು ಸೆಂ.ಮೀ. ಎತ್ತಿಟ್ಟರೆ, ಆ ಹೊತ್ತಿಗೆ ಪ್ರತಿ ಕೊಳವೆಯ ಕೆಳಗೂ ಪೂರ್ಣ ವೃತ್ತದ ಬೆಳಕು ತುಂಬುತ್ತದೆ. ಕೊಳವೆಯ ಬಾಯಿಗೆ ಮಕ್ಕಳು ಕತ್ತರಿಸಿದ ಕಾಗದದ ಜಾಲರಿ ಅಂಟಿಸಿದ್ದರೆ ಅದೇ ಚಿತ್ತಾರ ಹಾಳೆಯ ಮೇಲೆ ಇಳಿಯುತ್ತದೆ. ಜಾಲರಿಯ ತೂತು 8 ಮಿ.ಮೀ.ಗಿಂತ ಚಿಕ್ಕದಾದರೆ ಸೂರ್ಯಬಿಂಬದ ಅಗಲದಿಂದ ಅಂಚು ಕಲಸಿಹೋಗುತ್ತದೆ. ಕೊಳವೆಯೊಳಗೆ ಮೇಲ್ಮುಖವಾಗಿ ಇಣುಕಲು ಯಾರಿಗೂ ಬಿಡಬೇಡಿ. ಮೇ ತಿಂಗಳ ನಿಮ್ಮ ಬಿಸಿಲಿಗೆ ಕೊಳವೆಗಳ ಸುತ್ತ ಜನ ನಿಲ್ಲುವ ಜಾಗಕ್ಕೆ ಮಾತ್ರ ಶಾಮಿಯಾನ, ಕುಡಿಯುವ ನೀರಿನ ಎರಡು ಡ್ರಮ್ಮು ಬೇಕು.